ಕೇಳಿದ್ದರಲ್ಲಿ ಊಟ ಇರಲಿಲ್ಲ

ನಾನು ಮೊದಲ ಸಲ ಕಂಡಾಗ ಅವರು ಎಡಗೈಯನ್ನು ಎದೆಗೆ ಕಟ್ಟಿಕೊಂಡಿದ್ದರು. ಹಳೇ ಪಂಚೆಯ ತುಂಡಿನಿಂದ ಮೊಣಕೈ ಮಡಚಿ ಹೆಗಲಿಗೆ ಬಿಗಿದಿದ್ದ ಆ ಕೈಯಲ್ಲಿ ಗಾಯವಿರಲಿಲ್ಲ, ಬಾವು ಇರಲಿಲ್ಲ. ಅಂಕೋಲೆಯ ಪೇಟೆಯಲ್ಲಿ ಮೋಟಾರಿನಿಂದ ಇಳಿಯುವಾಗ ಕೊಡೆಯನ್ನೂ ಚೀಲವನ್ನೂ ಒಂದೇ ಕೈಯಲ್ಲಿ ಹಿಡಿದು, ಕಾಲಿಗೆ ಮೆಟ್ಟಿಲು ಸಿಗದೆ ಒಂದು ಗಳಿಗೆ ತೂಗಾಡಿದರು. ಕೆಳಗಿದ್ದ ನಾನು ಕೈ ಚಾಚಿದರೆ ಬೇಡವೆಂದು ತಲೆಯಾಡಿಸಿ, ಬಿದ್ದೇಬಿಡುತ್ತಾರೆ ಅನ್ನುವಷ್ಟರಲ್ಲಿ ನೆಲ ಮುಟ್ಟಿದರು. ಮುಂದೆ ಅವರನ್ನು ಕಂಡಾಗ ಎಡಗೈ ಬಿಡುಗಡೆಯಾಗಿ ಬಲಗಾಲು ಸೊಟ್ಟ ನಡೆಯುತ್ತಿತ್ತು. ಆಮೇಲೊಮ್ಮೆ ಒಂದು ಕಣ್ಣಿಗೆ ಬಟ್ಟೆ. ಮೋಟಾರು ನಿಲ್ಲುವಲ್ಲಿ ಚಾದ ಅಂಗಡಿ ಇಟ್ಟವನು, “ಇವ್ರ ಮೈಮೇಲೆ ಹೋಗದಿದ್ದ ಮೋಟಾರು ಜಿಲ್ಲೇಲೇ ಇಲ್ಲ ಕಾಣ್ತದೆ” ಎಂದು ನಗಾಡುತ್ತಿದ್ದ.

ಅವರನ್ನು ನಾವೆಲ್ಲ ರಾಜಿ ಮಾಸ್ತರರು ಎನ್ನುತ್ತಿದ್ದೆವು. ಮೊದಲು ಶಾಲೆಯಲ್ಲಿ ಕಲಿಸುತ್ತಿದ್ದರಂತೆ. ಆಮೇಲೆ ಕಾರವಾರದ ಒಬ್ಬ ಮೋಟಾರು ಧನಿಯ ಹತ್ತಿರ ಕೆಲಸಕ್ಕೆ ಸೇರಿದರು. ಧನಿಯ ಗಾಡಿಗಳು ಕಾರವಾರದಿಂದ ಅಂಕೋಲೆಗೂ ಮುಂದಕ್ಕೂ ಓಡುತ್ತಿದ್ದವು. ಗಾಡಿ ಯಾರಿಗಾದರೂ ತಾಗಿದರೆ, ಮಗುಚಿದರೆ, ಗಾಯಗೊಂಡವರ ಮನೆಗೆ ಹೋಗಿ ಇಷ್ಟು ಹಣಕ್ಕೆ ರಾಜಿ ಆಯಿತು ಎಂದು ಒಪ್ಪಿಸಿ ಬರುವುದು ಮಾಸ್ತರರ ಕೆಲಸ.

ಉಪ್ಪಿನ ಚಳವಳಿಯ ಬಿಸಿ ಆರಿದ ಮೇಲಿನ ವರ್ಷಗಳು ಅವು. ಈಗಿನ ಹಾಗೆ ಮೋಟಾರಿಗೆ ವಿಮೆಯ ಕಡ್ಡಾಯವಿರಲಿಲ್ಲ. ಪರಿಹಾರ ಬೇಕಿದ್ದರೆ ಕಾರವಾರದ ಕೋರ್ಟಿಗೆ ಹೋಗಿ ದಾವೆ ಹಾಕಬೇಕು, ವಕೀಲರಿಗೆ ಕೊಡಬೇಕು, ತಪ್ಪು ಡ್ರೈವರನದ್ದೇ ಎಂದು ತೋರಿಸಬೇಕು. ಗದ್ದೆ ಬಿಟ್ಟು ಅಷ್ಟು ಸಲ ಕಾರವಾರಕ್ಕೆ ಯಾರು ಹೋಗುತ್ತಾರೆ? ಅದು ಧನಿಗೂ ಗೊತ್ತು, ಜನರಿಗೂ ಗೊತ್ತು. ಹಾಗಾಗಿ ಎಲ್ಲವೂ ಜಗಲಿಯ ಮೇಲೆ ಮುಗಿಯುತ್ತಿತ್ತು.

ನಾನು ಆಗ ಮಾವಿನ ವ್ಯಾಪಾರ ಹಿಡಿದಿದ್ದೆ. ಅಂಕೋಲೆಯ ಇಶಾಡ ಹಣ್ಣನ್ನು ಮರದಲ್ಲಿ ಕಾಯಿರುವಾಗಲೇ ಗುತ್ತಿಗೆ ಹಿಡಿದು ಕಾರವಾರಕ್ಕೆ ಸಾಗಿಸುತ್ತಿದ್ದೆ. ಅಪ್ಪನಿಂದ ನನಗೆ ಬಂದದ್ದು ಬಾಯಿಯೊಂದೇ; ಅದರಿಂದಲೇ ಮುಂದೆ ಬಂದವನು. ಚೌಕಾಸಿಯಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ಆ ವಯಸ್ಸಿಗೇ ತಿಳಿದುಕೊಂಡಿದ್ದೆ. ಓದುವವರಿಗೆ ಒಂದು ಮಾತು ಹೇಳಿಬಿಡುತ್ತೇನೆ, ಉಪಯೋಗಕ್ಕೆ ಬಂದೀತು: ಎದುರಿನವನು ಮೊದಲ ಬೆಲೆ ಹೇಳುವವರೆಗೆ ನೀವು ಎಲೆ ಅಡಿಕೆ ಮೆಲ್ಲುತ್ತಿರಿ. ಬಾಯಿ ತುಂಬಿದವನು ಸೋತದ್ದನ್ನು ನಾನು ಕಂಡಿಲ್ಲ.

ನನ್ನ ಅಣ್ಣ ಬೇಸಾಯದವನು. ಆ ವರ್ಷದ ಬೇಸಗೆಯಲ್ಲಿ ನನ್ನ ಹಣ್ಣಿನ ಬುಟ್ಟಿಗಳ ಜೊತೆ ಅವನೂ ಆ ಧನಿಯ ಮೋಟಾರಿನಲ್ಲಿ ಕಾರವಾರಕ್ಕೆ ಹೊರಟಿದ್ದ. ಅವರ್ಸಾ ದಾಟಿದ ಮೇಲೆ ಇಳಿಜಾರಿನಲ್ಲಿ ಎದುರಿಗೆ ಕಟ್ಟಿಗೆ ಹೇರಿದ ಎತ್ತಿನ ಗಾಡಿ ಬಂತು. ಡ್ರೈವರ ವೇಗ ತಗ್ಗಿಸದೆ ಪಕ್ಕದಿಂದಲೇ ನುಗ್ಗಿಸಿದ. ಅಣ್ಣನ ಬಲಗೈ ಕಿಟಕಿಯ ಹೊರಗೆ ಸರಳು ಹಿಡಿದಿತ್ತು. ಕಟ್ಟಿಗೆಯ ತುದಿಗಳು ಅದನ್ನು ಅರೆದುಕೊಂಡು ಹೋದವು. ಆಸ್ಪತ್ರೆಯಲ್ಲಿ ಕೈ ಉಳಿಸಿದರು. ಆದರೆ ಹೆಬ್ಬೆರಳು, ಅದರ ಪಕ್ಕದ ಎರಡು ಬೆರಳು ಮರದ ಚಕ್ಕೆಯಂತೆ ನೆಟ್ಟಗಾದವು. ಮಡಚಲು ಬರುತ್ತಿರಲಿಲ್ಲ.

ಧನಿಯ ಕಡೆಯಿಂದ ಮೊದಲು ಬಂದ ಮಾತು, ಕೈ ಹೊರಗಿಟ್ಟದ್ದು ಅವನದೇ ತಪ್ಪು, ನಮಗೇನೂ ಸಂಬಂಧವಿಲ್ಲ ಎಂದು. ಆಮೇಲೆ ಮಾಸ್ತರರು ಬಂದರು. ಬಂದವರು ಜಗಲಿ ಹತ್ತುವ ಮೊದಲೇ ಹೇಳಿದರು, ತಾನು ಅದೇ ಗಾಡಿಯಲ್ಲಿ ಅದೇ ಜಾಗದಲ್ಲಿ, ಕಾಲ ಹತ್ತಿರ ಬುಟ್ಟಿ ಇರಿಸಿಕೊಂಡು ಹೋಗಿ ನೋಡಿದೆ ಎಂದು. ಒಳಗೆ ಹಿಡಿದುಕೊಳ್ಳಲು ಏನೂ ಇಲ್ಲ, ತಿರುವಿನಲ್ಲಿ ತನ್ನ ಕೈ ಕೂಡ ತಾನಾಗಿಯೇ ಹೊರಗೆ ಹೋಯಿತು ಎಂದು. ಎದುರು ಪಕ್ಷದವನು ಹೀಗೆ ಬಿಟ್ಟುಕೊಟ್ಟರೆ ಚೌಕಾಸಿಗಾರನಿಗೆ ಸಂತೋಷಕ್ಕಿಂತ ಅನುಮಾನ ಹೆಚ್ಚು. ಹಿಂದೆ ಏನೋ ಇದೆ ಎಂದುಕೊಂಡು ನಾನು ಎಲೆ ಅಡಿಕೆ ಬಾಯಿಗಿಟ್ಟೆ.

ಅವರೂ ಇಟ್ಟುಕೊಂಡರು. ಬಹಳ ಹೊತ್ತು ಇಬ್ಬರೂ ಮೆದ್ದೆವು. ಕೊನೆಗೆ ನಾನೇ ಸೋತು ನನ್ನ ಲೆಕ್ಕ ಬಿಚ್ಚಿದೆ. ಉಳುಮೆಗೆ ಆಳು, ನೆಟ್ಟಿಗೆ ಆಳು, ಕೊಯ್ಲಿಗೆ ಆಳು, ತೆಂಗಿನ ಮರ ಹತ್ತಲು ಆಳು. ಅಣ್ಣನಿಗೆ ಇನ್ನೂ ದುಡಿಯುವ ವಯಸ್ಸು, ಅಷ್ಟು ವರ್ಷದ ಕೂಲಿ. ಬೆಳೆದ ಮಗಳಿದ್ದಾಳೆ, ಅದನ್ನೂ ನೋಡಬೇಕು. ಅವರು ಎಲ್ಲವನ್ನೂ ಕೇಳಿದರು. ಇಲ್ಲ ಎನ್ನಲಿಲ್ಲ, ಹೌದು ಎನ್ನಲಿಲ್ಲ. “ಮಳೆಗಾಲ ಹೋಗ್ಲಿ, ತಮ್ಮಾ. ಮಳೆ ಕಾಣದೇ ಇದ್ದ ಗಾಯದ ರಾಜಿ ನಾ ಮಾಡೂದಿಲ್ಲ” ಎಂದು ಎದ್ದರು.

ಇದು ದಿನ ತಳ್ಳುವ ಉಪಾಯವೆಂದೇ ನಾನು ತಿಳಿದೆ. ಹಾಗಲ್ಲವೆಂದು ಆಮೇಲೆ ಗೊತ್ತಾಯಿತು. ಬೇಸಗೆಯಲ್ಲಿ ವಾಸಿಯಾದಂತೆ ಕಂಡ ಮೂಳೆ ಆಷಾಢದ ಥಂಡಿಗೆ ಬಾಯಿ ಬಿಡುತ್ತದೆ. ಬೇಸಗೆಯಲ್ಲೇ ಬೆರಳೊತ್ತಿ ಹಣ ತಕ್ಕೊಂಡವನು ಮಳೆಗಾಲದಲ್ಲಿ ಬಂದು ಅತ್ತರೆ ಕೇಳುವವರಿಲ್ಲ. ಇವತ್ತು ಯಾರಾದರೂ ಅಪಘಾತದ ಪರಿಹಾರದ ಬಗ್ಗೆ ನನ್ನನ್ನು ಕೇಳಲು ಬಂದರೆ ನಾನು ಹೇಳುವುದು ಇಷ್ಟೇ: ಹಣಕ್ಕೆ ಅವಸರವಿದ್ದರೆ ಸಾಲ ಮಾಡಿ, ಆದರೆ ಮೈ ಎಲ್ಲಿಗೆ ನಿಲ್ಲುತ್ತದೆಂದು ತಿಳಿಯುವ ತನಕ ಸಹಿ ಮಾಡಬೇಡಿ.

ಈ ನಡುವೆ ಅವರ ಕಟ್ಟುವಿಕೆಯ ಗುಟ್ಟು ನನಗೆ ತಿಳಿದಿತ್ತು. ಬೇರೊಬ್ಬರ ಯಾವ ಅಂಗಕ್ಕೆ ಪೆಟ್ಟಾಗಿದೆಯೋ ತನ್ನ ಅದೇ ಅಂಗವನ್ನು ಕಟ್ಟಿಕೊಂಡು ಕೆಲವು ದಿನ ಬದುಕುವುದು, ಏನೇನು ತಪ್ಪಿಹೋಗುತ್ತದೆಂದು ನೋಡುವುದು, ಆಮೇಲೆ ಬೆಲೆ ಹೇಳುವುದು. ಧನಿಗೆ ಮೊದಮೊದಲು ಇದು ಬಹಳ ಹಿಡಿಸಿತ್ತು, ಏಕೆಂದರೆ ಸುಳ್ಳು ನೋವಿನವರು ಸಿಕ್ಕಿಬೀಳುತ್ತಿದ್ದರು. ಬೆನ್ನು ಬಗ್ಗುವುದಿಲ್ಲವೆಂದು ಅಳುತ್ತಲೇ ನೀರಿನ ಪಾತ್ರೆ ಎತ್ತಿ ಕೊಟ್ಟ ಒಬ್ಬನಿಗೆ ಮಾಸ್ತರರು, “ಬೆನ್ನು ಬಗ್ಗದವ್ರು ಪಾತ್ರೆ ತುಂಬ ನೀರು ಹೀಂಗೆ ಎತ್ತೂದಿಲ್ಲ, ಮಾರಾಯಾ, ನಾ ಎತ್ತಿ ನೋಡಿದ್ದೆ” ಎಂದು ನಗುತ್ತಲೇ ಹೇಳಿ ಎದ್ದು ಬಂದದ್ದನ್ನು ಜನ ಈಗಲೂ ನೆನೆಯುತ್ತಾರೆ. ಅವರ ಹೆಂಡತಿಗೆ ಮಾತ್ರ ಸಾಕುಸಾಕಾಗಿತ್ತು. ಮೋಟಾರು ಧನಿಯದು, ಗಾಯ ಊರವರದು, ಕುಂಟುವುದು ಮಾತ್ರ ನಮ್ಮ ಮನೆಯವರು ಎಂದು ಆಕೆ ಬಂದವರೆದುರು ಹೇಳಿಕೊಳ್ಳುತ್ತಿದ್ದರಂತೆ.

ದಸರೆ ಕಳೆದ ಮೇಲೆ ಅವರು ನಮ್ಮ ಮನೆಗೆ ಬಂದರು. ಬಲಗೈಯ ಹೆಬ್ಬೆರಳು ಮತ್ತು ಎರಡು ಬೆರಳುಗಳಿಗೆ ಬಿದಿರಿನ ಚಕ್ಕೆ ಕೊಟ್ಟು ಬಟ್ಟೆ ಸುತ್ತಿಕೊಂಡಿದ್ದರು. ಬಿಳಿಚಿಕೊಂಡಿದ್ದರು, ಕೆನ್ನೆ ಒಳಗೆ ಹೋಗಿತ್ತು. ಅತ್ತಿಗೆ ಬೆಲ್ಲ ನೀರು ತಂದಿಟ್ಟಳು. ಅಣ್ಣ ಕಂಬಕ್ಕೊರಗಿ ಕೂತಿದ್ದ. ನಾನು ನನ್ನ ಲೆಕ್ಕವನ್ನು ಮತ್ತೆ ಮೊದಲಿನಿಂದ ಹೇಳಿದೆ, ಹಾಲು ಕರೆಯುವುದನ್ನು ಹೊಸದಾಗಿ ಸೇರಿಸಿದೆ.

ಅವರು ನನ್ನನ್ನು ನೋಡಲಿಲ್ಲ, ಅಣ್ಣನನ್ನೇ ನೋಡುತ್ತಿದ್ದರು. “ನೀವು ಕೇಳಿದ್ರಲ್ಲಿ ಊಟ ಇಲ್ಲ” ಎಂದರು.

ನನಗೆ ಅರ್ಥವಾಗಲಿಲ್ಲ. ಅಕ್ಕಿಯ ಖರ್ಚು ಕೇಳುತ್ತಿದ್ದಾರೆ ಅಂದುಕೊಂಡೆ. ಬಾಗಿಲ ಸಂದಿಯಲ್ಲಿ ನಿಂತಿದ್ದ ಅತ್ತಿಗೆ ಸೆರಗನ್ನು ಬಾಯಿಗೊತ್ತಿಕೊಂಡು ಒಳಗೆ ಹೋದಳು. ಅಣ್ಣ ಎದ್ದು ಅಂಗಳ ದಾಟಿ ಗದ್ದೆಯ ಕಡೆ ನಡೆದುಬಿಟ್ಟ. ಆಗ ಮಾಸ್ತರರು ಮೆಲ್ಲಗೆ ಬಿಡಿಸಿ ಹೇಳಿದರು.

ಮೂರು ಬೆರಳು ಮಡಚದ ಕೈಯಿಂದ ಅನ್ನ ಬಾಯಿಗೆ ಬರುವುದಿಲ್ಲ. ಸಾರು ಕಲಸಿದ ಅನ್ನವಂತೂ ಮೊಣಕೈಗೆ ಇಳಿಯುತ್ತದೆ. ಉಳಿದದ್ದು ಎಡಗೈ. ಮೊದಲ ದಿನ ತನ್ನ ಮನೆಯಲ್ಲಿ ಎಡಗೈಯಿಂದ ಊಟಕ್ಕೆ ಕೂತಾಗ ತನ್ನ ತಾಯಿಯೇ ಅರ್ಧ ಊಟದಲ್ಲಿ ಎದ್ದರು. ಶೌಚದ ಕೈಯಿಂದ ಅನ್ನ ಮುಟ್ಟುವವನ ಜೊತೆ ಹೇಗೆ ಉಣ್ಣುವುದು ಎಂದರು. ತಪ್ಪಲ್ಲ, ನಾವೆಲ್ಲ ಹಾಗೇ ಬೆಳೆದವರು. ಹೆಂಡತಿ ತುತ್ತು ಕೊಡಲು ಬಂದರು, ಮಕ್ಕಳೆದುರು ಬಾಯಿ ತೆರೆಯಲಾಗಲಿಲ್ಲ. ಆಮೇಲೆ ತಾನು ತಟ್ಟೆ ತಕ್ಕೊಂಡು ಹಿತ್ತಲಿಗೆ ಹೋಗಿ, ಬಾವಿಯ ಮರೆಯಲ್ಲಿ ಕೂತು ಉಣ್ಣತೊಡಗಿದೆ ಎಂದರು. “ಅಲ್ಲಿ ಕೂತಾಗ ನನಗೆ ನಿಮ್ಮ ಅಣ್ಣ ಕಂಡ್ರು, ತಮ್ಮಾ. ಎದುರಿಗೇ ಕೂತಿದ್ರು. ಅವ್ರ ಮುಖ ನಾನು ಒಂದೇ ಸಲ ನೋಡಿದ್ದು, ಆದ್ರೂ ಅವ್ರೇ.”

ಚಮಚದಲ್ಲಿ ತಿನ್ನಬಹುದಿತ್ತಲ್ಲ ಎಂದು ಈಗಿನವರು ಕೇಳಬಹುದು. ಆಗ ನಮ್ಮ ಕಡೆ ಚಮಚವೆಂದರೆ ಹಾಸಿಗೆ ಹಿಡಿದವರಿಗೆ ಗಂಜಿ ಹಾಕುವ ವಸ್ತು. ಅದನ್ನು ಹಿಡಿದು ಪಂಕ್ತಿಯಲ್ಲಿ ಕೂರುವುದುಂಟೆ? ಬೇಸಗೆಯಿಂದಲೂ ಅಣ್ಣ ಒಂದು ಮದುವೆಗೂ, ಒಂದು ದೇವರ ಊಟಕ್ಕೂ ಹೋಗಿರಲಿಲ್ಲ. ಗದ್ದೆಯಲ್ಲಿ ಕೆಲಸವಿದೆ ಎನ್ನುತ್ತಿದ್ದ. ಮನೆಯಲ್ಲಿ ನಾವೆಲ್ಲ ಎದ್ದ ಮೇಲೆ, ಅಡಿಗೆಮನೆಯ ಬಾಗಿಲು ಮುಂದೆ ಮಾಡಿ ಅತ್ತಿಗೆ ಅವನಿಗೆ ಉಣ್ಣಿಸುತ್ತಿದ್ದಳು. ಒಂದೇ ಸೂರಿನ ಕೆಳಗಿದ್ದ ನಾನು ಅವನು ಹತ್ತಲಾಗದ ಮರಗಳನ್ನೆಲ್ಲ ಎಣಿಸಿದ್ದೆ, ಇದನ್ನು ಎಣಿಸಿರಲಿಲ್ಲ.

ಮಾಸ್ತರರು ಧನಿಯೆದುರು ಎರಡು ಮಾತು ಇಟ್ಟರು. ಕೆಲಸ ಹೋದದ್ದಕ್ಕೆ ಹಣ ಕೊಡಬೇಕು. ಎರಡನೆಯದು, ಧನಿಯ ಮನೆಯ ತುಳಸಿ ಮದುವೆಯ ಊಟಕ್ಕೆ ಅಣ್ಣನನ್ನು ಕರೆದು, ಧನಿ ತನ್ನ ಪಕ್ಕದ ಎಲೆಗೆ ಕೂರಿಸಿಕೊಳ್ಳಬೇಕು. ಧನಿ, ಮಾಸ್ತರರು, ನಾವು ಎಲ್ಲ ಒಂದೇ ಜಾತಿ, ಒಂದೇ ಪಂಕ್ತಿಯವರು, ಅದಕ್ಕೆ ಅಡ್ಡಿಯಿರಲಿಲ್ಲ. ಅಂಥ ದೊಡ್ಡ ಮನುಷ್ಯನೇ ಎಡಗೈಯವನ ಪಕ್ಕ ಕೂತು ಉಂಡ ಎಂದಾದರೆ ಅಂಕೋಲೆಯಲ್ಲಿ ಯಾರು ಎದ್ದು ಹೋಗುತ್ತಾರೆ? ಕಾಸಿಲ್ಲದೆ ತೀರುವ ಬಾಕಿ ಅದು. ಆ ಬುದ್ಧಿಗೆ ನಾನು ತಲೆದೂಗಿದೆ.

ಕಾರವಾರದ ಕಚೇರಿಯಲ್ಲಿ ಧನಿ ನಮ್ಮನ್ನು ಕೂರಿಸಿ ಚಾ ತರಿಸಿದ. ಅಣ್ಣ ಚಾ ಮುಟ್ಟಲಿಲ್ಲ. ಧನಿ ಮಾಸ್ತರರ ಕಡೆ ತಿರುಗಿ, “ಊಟದ ಲೆಕ್ಕ ನೋಡೂಕೆ ನಾ ನಡೆಸೂದು ಮೋಟಾರಾ, ಖಾನಾವಳಿಯಾ?” ಎಂದು ನಕ್ಕ. ಮಾಸ್ತರರು ನಗಲಿಲ್ಲ. ಆಗ ಅವನೂ ನಗು ಬಿಟ್ಟು ಮೆತ್ತಗಾದ. ತನ್ನ ಮನೆಯಲ್ಲಿ ಮುದುಕಿ ತಾಯಿ ಇದ್ದಾಳೆ, ದೇವರ ಕಾರ್ಯ, ನೆಂಟರಿಷ್ಟರು ಬರುತ್ತಾರೆ ಎಂದೆಲ್ಲ ಹೇಳಿ ಕೊನೆಗೆ, “ದುಡ್ಡು ಇದರ ಎರಡು ಪಟ್ಟು ತಕಳ್ಳಿ. ಪಂಕ್ತಿ ಮಾತ್ರ ಕೇಳಬೇಡಿ” ಎಂದ.

ವ್ಯಾಪಾರದಲ್ಲಿ ಇಷ್ಟು ವರ್ಷ ಕಳೆದ ಮೇಲೂ ನನಗೆ ಇದಕ್ಕಿಂತ ದೊಡ್ಡ ಪಾಠ ಸಿಕ್ಕಿಲ್ಲ. ಒಂದು ವಸ್ತುವನ್ನು ಕೊಡದೆ ಉಳಿಸಿಕೊಳ್ಳಲು ಎದುರಿನವನು ಎಷ್ಟು ಕೊಡಲು ತಯಾರೋ ಅದು ಅದರ ನಿಜವಾದ ಬೆಲೆ. ಅಣ್ಣನ ಇಡೀ ಬೇಸಾಯಕ್ಕೆ ಧನಿ ಕಟ್ಟಿದ ಬೆಲೆ, ಒಂದು ಬಾಳೆ ಎಲೆಯ ಜಾಗಕ್ಕೆ ಕಟ್ಟಿದ ಬೆಲೆ, ಎರಡೂ ಸರಿಸಮ.

ಮಾಸ್ತರರು ಅಣ್ಣನ ಕಡೆ ಬಾಗಿ, ಇದನ್ನು ನೀವೇ ಹೇಳಬೇಕು, ಬೇರೆ ಯಾರೂ ಹೇಳಬಾರದು ಎಂದರು. ನಾನು ಬಾಯಿ ತೆರೆದಿದ್ದೆ, ಮುಚ್ಚಿದೆ. ಅಣ್ಣ ತನ್ನ ಕೈಯನ್ನು ನೋಡಿಕೊಂಡ. ಮಗಳ ಸಂಬಂಧ ಆಗಲೇ ಕೂಡಿಬಂದಿತ್ತು.

“ದುಡ್ಡೇ ಕೊಡಿ” ಎಂದ.

ಸರಕಾರಿ ಛಾಪಾ ಕಾಗದದ ರಾಜಿ ಪತ್ರಕ್ಕೆ ಎಡಗೈ ಹೆಬ್ಬೆಟ್ಟು ಒತ್ತಿಸಿಕೊಂಡರು. ಹೊರಗೆ ಬಂದ ಮೇಲೆ ಮಾಸ್ತರರು, ಸರಕಾರಕ್ಕೆ ಈ ಕೈ ಸಾಕಾಗ್ತದೆ ನೋಡಿ ಎಂದರು. ಅವರು ನಮ್ಮ ಜೊತೆ ಸ್ವಲ್ಪ ದೂರ ನಡೆದುಬಂದರು. ಕೆಲಸ ಮುಗಿದ ಕೂಡಲೇ ಕಟ್ಟು ಬಿಚ್ಚುವುದು ಅವರ ಪದ್ಧತಿ. ಅಂದು ಬಿಚ್ಚಿದ್ದನ್ನು ನಾನು ಕಾಣಲಿಲ್ಲ.

ಅಣ್ಣನ ಮಗಳ ಮದುವೆ ನಮ್ಮ ಅಂಗಳದಲ್ಲೇ ಆಯಿತು. ಧಾರೆ ಎರೆಯುವಾಗ ಅತ್ತಿಗೆ ಅಣ್ಣನ ಕೈಯ ಕೆಳಗೆ ತನ್ನ ಕೈ ಕೊಟ್ಟಳು. ಅದಕ್ಕೆ ಯಾರೂ ಏನೂ ಅನ್ನಲಿಲ್ಲ. ಊಟಕ್ಕೆ ಹಾಗೆ ಕೈ ಕೊಡಲು ಬರುವುದಿಲ್ಲವಲ್ಲ. ಎಲೆ ಹಾಕುತ್ತಿದ್ದಂತೆ ಹೆಣ್ಣಿನ ತಂದೆ ಕಾಣೆಯಾದ. ಬೀಗರು ಕೇಳಿದಾಗ, ಬಡಿಸುವ ವ್ಯವಸ್ಥೆಯಲ್ಲಿದ್ದಾನೆ ಎಂದು ನಾನು ಸಾವರಿಸಿದೆ. ಕರೆದದ್ದಕ್ಕೆ ಬಂದಿದ್ದ ರಾಜಿ ಮಾಸ್ತರರ ಎಲೆಯೂ ಖಾಲಿಯಿತ್ತು.

ಹುಡುಕಿಕೊಂಡು ಹಿತ್ತಲಿಗೆ ಹೋದೆ. ಬಾವಿಯ ಆಚೆ ಇಬ್ಬರೂ ನೆಲದ ಮೇಲೆ ಕೂತಿದ್ದರು. ಇಬ್ಬರ ಎದುರೂ ಎಲೆ. ಅಣ್ಣ ಎಡಗೈಯಿಂದ ಉಣ್ಣುತ್ತಿದ್ದ. ನಾನು ಅದನ್ನು ನೋಡಿದ್ದು ಅದೇ ಮೊದಲು. ಮಾಸ್ತರರೂ ಎಡಗೈಯಿಂದಲೇ ಉಣ್ಣುತ್ತಿದ್ದರು. ಅವರ ಬಲಗೈಯಲ್ಲಿ ಚಕ್ಕೆಯಿರಲಿಲ್ಲ, ಬಟ್ಟೆಯಿರಲಿಲ್ಲ. ಬರಿಯ ಕೈ ತೊಡೆಯ ಮೇಲೆ ಬಿದ್ದಿತ್ತು, ಮೂರು ಬೆರಳು ನೆಟ್ಟಗೆ.

ಇನ್ನೂ ಯಾಕೆ ಹೀಗೆ, ರಾಜಿ ಆಗಿಹೋಯಿತಲ್ಲ ಎಂದು ಕೇಳಿದೆ. ಅವರು ತಲೆ ಎತ್ತಿದರು. ನಾಚಿಕೊಂಡವರ ಹಾಗೆ, “ಬಿಚ್ಚಿದೆ, ತಮ್ಮಾ. ಕೈ ಬರ್ತಾ ಇಲ್ಲ” ಎಂದರು.

ಡಾಕ್ಟರರು ಏನೂ ಇಲ್ಲ ಎಂದರಂತೆ. ಮನೆಯವರು ತಾಯತ ಕಟ್ಟಿಸಿದರು. ನಾನು ಆಗ ಅವರ ಹಿತಕ್ಕೆಂದು ಹೇಳಿದೆ, ಮಾರಿದ ಮಾಲನ್ನು ತಿರುಗಿ ನೋಡಬಾರದು, ಮುಗಿದ ವ್ಯವಹಾರ ಮುಗಿಯಿತು ಎಂದುಕೊಳ್ಳಬೇಕು ಎಂದು. ವ್ಯಾಪಾರದವನಿಗೆ ನಾನು ಇಂದಿಗೂ ಕೊಡುವ ಸಲಹೆ ಅದು. ಅವರು ಗೋಣು ಆಡಿಸಿದರು. ಅವರಿಗೆ ಆ ಸಲಹೆ ಹಿಡಿಯಲು ಜಾಗವೇ ಇರಲಿಲ್ಲವೆಂದು ಈಗ ಅನ್ನಿಸುತ್ತದೆ.

ಧನಿ ಅವರನ್ನು ಕೆಲಸದಿಂದ ಬಿಡಿಸಿದ. ಬಿಡಿಸದೆ ಏನು ಮಾಡಿಯಾನು? ಪ್ರತಿ ರಾಜಿಯಲ್ಲೂ ಇವರು ಗಾಯದವರು ಕೇಳಿದ್ದಕ್ಕಿಂತ ಹೆಚ್ಚು ಹೇಳತೊಡಗಿದ್ದರು. ಆಮೇಲೆ ನಾನು ಕಾರವಾರಕ್ಕೆ ಹೋದಾಗ ಬಂದರಿನ ರಸ್ತೆಯಲ್ಲಿ ಅವರು ಸಿಗುತ್ತಿದ್ದರು. ದೂರದಿಂದ ಬರುವುದನ್ನು ನೋಡಿದರೆ ನನಗೆ ಒಬ್ಬರು ಬರುತ್ತಿದ್ದಾರೆ ಅನ್ನಿಸುತ್ತಿರಲಿಲ್ಲ. ಬಲಗಾಲು ಎಳೆಯುವುದು ಅಮದಳ್ಳಿಯ ತರಕಾರಿ ಮಾರುವ ಹೆಂಗಸಿನದು. ಕತ್ತು ಒಂದು ಬದಿಗೆ ವಾಲಿದ್ದು ಬಿಣಗಾ ಘಟ್ಟದಲ್ಲಿ ಗಾಡಿ ಮಗುಚಿದಾಗ ಕೆಳಗೆ ಸಿಕ್ಕಿದವನದು. ಎಡಗಣ್ಣು ಚೆಂಡಿಯಾ ಊರಿನ ಮುದುಕನದು. ಕೈ ನಮ್ಮ ಅಣ್ಣನದು. ಅವರೆಲ್ಲ ಹಣ ತಕ್ಕೊಂಡು ತಮ್ಮ ತಮ್ಮ ಮನೆಗಳಲ್ಲಿ ಹೇಗೋ ಹೊಂದಿಕೊಂಡಿದ್ದರು. ಅಮದಳ್ಳಿಯ ಹೆಂಗಸು ಮತ್ತೆ ಸಂತೆಗೆ ಬರುತ್ತಿದ್ದಳು, ನಾನೇ ಅವಳ ಹತ್ತಿರ ಬಸಳೆ ಕೊಂಡಿದ್ದೇನೆ. ಬಿಟ್ಟುಹೋದ ನೋವುಗಳು ಮಾತ್ರ ಇವರಲ್ಲಿ ಒಕ್ಕಲು ಕೂತಿದ್ದವು. ಮಾತಾಡಿಸಿದರೆ ಮೊದಲಿನ ಹಾಗೆಯೇ ಮೃದುವಾಗಿ, ಅಣ್ಣ ಹೇಗಿದ್ದಾರೆ ಎಂದು ಕೇಳುತ್ತಿದ್ದರು. ಪಂಕ್ತಿಗೆ ಕೂತ್ರಾ ಎನ್ನುತ್ತಿದ್ದರು. ಇಲ್ಲ ಎಂದರೆ, ಹಾಗಾದರೆ ಇನ್ನೂ ಮುಗಿಯಲಿಲ್ಲ ಎಂದು ತಮಗೆ ತಾವೇ ಹೇಳಿಕೊಂಡು ಮುಂದೆ ಹೋಗುತ್ತಿದ್ದರು.

ಮೋಟಾರಿಗೆ ಹೊಸ ಕಾಯಿದೆ ಬರುತ್ತದಂತೆ, ವಿಮೆ ಬರುತ್ತದಂತೆ ಎಂದು ಪೇಟೆಯಲ್ಲಿ ಮಾತಾಡಿಕೊಳ್ಳುತ್ತಿದ್ದ ಕಾಲಕ್ಕೆ ಅವರು ತೀರಿಕೊಂಡರು. ಜ್ವರ ಬಂದಿತ್ತಷ್ಟೆ. ಅವರ ಮನೆ ಚಿತ್ತಾಕುಲದಲ್ಲಿ. ಹನ್ನೆರಡನೆಯ ದಿನದ ಊಟಕ್ಕೆ ನಾನು ಹೊರಟಾಗ, ಎಲ್ಲಿಗೂ ಬಾರದ ಅಣ್ಣ ಅಂಗಿ ಹಾಕಿಕೊಂಡು ಜೊತೆಗೆ ಬಂದ. ಕೋಡಿಬಾಗದಲ್ಲಿ ದೋಣಿ ಹತ್ತಿ ಕಾಳಿ ನದಿ ದಾಟಿದೆವು.

ಎಲೆ ಹಾಕಿದರು. ಜನ ಕೂತರು. ಅಣ್ಣ ಅಭ್ಯಾಸದಂತೆ ಹಿತ್ತಲ ಬಾಗಿಲ ಕಡೆ ಸರಿದ. ಮಾಸ್ತರರ ಹೆಂಡತಿ ಅಲ್ಲೇ ನಿಂತಿದ್ದರು. ನಾನು ಆಕೆಯನ್ನು ಅಷ್ಟು ಹತ್ತಿರದಿಂದ ನೋಡಿದ್ದು ಆ ದಿನವೇ. ಆಕೆ ಕೊಂಕಣಿ ಬೆರೆತ ಕನ್ನಡದಲ್ಲಿ, ದನಿ ಏರಿಸದೆ ಹೇಳಿದರು: “ಅಲ್ಲಿ ಹೋಗ್ಬೇಡಿ, ಭಾವಾ. ನೀವು ಹಿತ್ಲಿಗೆ ಹೋದ್ರೆ ಅವ್ರೂ ಎದ್ದು ಅಲ್ಲೇ ಬರ್ತ್ರು. ಇವತ್ತಾದ್ರೂ ಅವ್ರು ಒಳಗೆ ಕೂತು ಉಣ್ಲಿ.”

ಸತ್ತವರ ಹೆಸರಿನ ಎಲೆಯನ್ನು ಹೊರಗೆ ಕಾಗೆಗೆ ಇಡುವುದು ರೂಢಿ. ಆಕೆ ಯಾರ ಮಾತನ್ನೂ ಕೇಳದೆ ಇನ್ನೊಂದು ಎಲೆಯನ್ನು ಪಂಕ್ತಿಯ ಕೊನೆಗೆ ಹಾಕಿಸಿ ಬಡಿಸಿದ್ದರು. ಅದರ ಪಕ್ಕದ ಜಾಗದಲ್ಲಿ ಕೂರಲು ಜನ ಹಿಂಜರಿದಿದ್ದರಿಂದ ಅದು ಖಾಲಿಯಿತ್ತು. ಅಣ್ಣ ಹೋಗಿ ಅಲ್ಲಿ ಕೂತ. ಅನ್ನ ಬಂತು. ಅವನು ಎಡಗೈಯನ್ನು ಎಲೆಗೆ ಹಾಕಿದ. ಎದುರು ಸಾಲಿನಲ್ಲಿ ಒಬ್ಬರು ಅವನ ಕೈ ನೋಡಿದರು, ಪಕ್ಕದ ಎಲೆ ನೋಡಿದರು, ತಲೆ ತಗ್ಗಿಸಿ ಉಣ್ಣತೊಡಗಿದರು. ಯಾರೂ ಏಳಲಿಲ್ಲ. ಆ ಎಲೆಯ ಎದುರು ಏಳುವ ಧೈರ್ಯ ಯಾರಿಗೂ ಇರಲಿಲ್ಲವೋ ಏನೋ.

ಊಟ ಮುಗಿಯಿತು. ಹಿರಿಯರು ಎದ್ದರು, ಅವರ ಹಿಂದೆ ಎಲ್ಲರೂ ಎದ್ದು ಕೈ ತೊಳೆಯಲು ಹೋದರು. ಪಂಕ್ತಿಯಲ್ಲಿ ಪಕ್ಕದವನು ಇನ್ನೂ ಉಣ್ಣುತ್ತಿರುವಾಗ ಏಳಬಾರದೆಂದು ನಮಗೆ ಚಿಕ್ಕಂದಿನಲ್ಲೇ ಕಲಿಸಿದ್ದಾರೆ. ಅಣ್ಣನ ಎಲೆ ಬರಿದಾಗಿತ್ತು. ನಾನು ಬಾ ಎಂದು ಕರೆದೆ. ಅವನು ಪಕ್ಕದ ತುಂಬಿದ ಎಲೆಯನ್ನು ಗದ್ದದಿಂದ ತೋರಿಸಿ, ಒಣಗುತ್ತಿದ್ದ ಎಡಗೈಯನ್ನು ಮಡಿಲಿಗೆ ತರದೆ ಹಾಗೆಯೇ ಹಿಡಿದುಕೊಂಡು, ಕಾಯುತ್ತ ಕೂತೇ ಇದ್ದ.